ದ್ರಾಕ್ಷಿ ಕಡ್ಡಿಯಿಂದ ಎಮ್ಮೆಯ ಕೆಚ್ಚಲಿಗೆ

ಬೀಕರಿನಿಂದ ನೊರೆ ಉಕ್ಕಿ ಮೇಜಿನ ಮೇಲೆ ಹರಿದು, ಅಲ್ಲಿಂದ ನನ್ನ ಚಪ್ಪಲಿಯ ಮೇಲೆ ಇಳಿಯಿತು. ಆ ಮಳೆಗಾಲದಲ್ಲಿ ಅದು ಎಷ್ಟನೆಯ ಸಲವೋ, ಎಣಿಸುವುದನ್ನು ಬಿಟ್ಟಿದ್ದೆ. ಹಾಲು ಉಕ್ಕಿದರೆ ಒಳ್ಳೆಯದಾಗುತ್ತದೆ ಎನ್ನುವವರು ಇದನ್ನು ನೋಡಬೇಕಿತ್ತು. ಉಕ್ಕಿದ್ದು ಹಾಲಲ್ಲ, ಹೈಡ್ರೋಜನ್ ಪೆರಾಕ್ಸೈಡ್. ಬೆಳ್ಳಗಾಗಲಿ ಎಂದು ಅದರೊಳಗೆ ಹಾಕಿದ್ದು ದ್ರಾಕ್ಷಿ ಕಡ್ಡಿಯ ಪುಡಿ. ಚಿಕ್ಕೋಡಿಯ ನಮ್ಮ ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ಕಿಟಕಿಯ ಪಕ್ಕದ ಒಂದು ಮೇಜು ನನ್ನ ಪಾಲಿನದು. ಮಕ್ಕಳ ಪ್ರಾಕ್ಟಿಕಲ್ ಮುಗಿದ ಮೇಲೆ ನನ್ನ ಪಿಎಚ್‌ಡಿ ಕೆಲಸ ಅಲ್ಲಿ ಶುರುವಾಗುತ್ತಿತ್ತು, ಈಚೀಚೆಗೆ ಶುರುವಾದಲ್ಲೇ ಮುಗಿದೂ ಹೋಗುತ್ತಿತ್ತು. ಬಟ್ಟೆ ತಂದು ಒರೆಸಿದೆ. ಒರೆಸುತ್ತ ಕಡ್ಡಿಗೆ, ಬೀಕರಿಗೆ, ಹಾಟ್‌ಪ್ಲೇಟಿಗೆ, ಕರೆಂಟಿನವರಿಗೆ, ಎಲ್ಲರಿಗೂ ಬಾಯಿಗೆ ಬಂದಂತೆ ಬೈದೆ.

ನಾನು ಮಾಡಲು ಹೊರಟಿದ್ದು ಒಂದು ಸಣ್ಣ ನಳಿಗೆ. ತಂಪು ಪಾನೀಯ ಕುಡಿಯುವ ಕೊಳವೆಯನ್ನು ಬೆರಳ ಗೆಣ್ಣಿನಷ್ಟು ಉದ್ದಕ್ಕೆ ಕತ್ತರಿಸಿದರೆ ಹೇಗಿರುತ್ತದೋ ಹಾಗೆ, ಅದಕ್ಕಿಂತ ಕೊಂಚ ಸಪೂರ. ಅದು ಆಕಾರವನ್ನು ನೆನಪಿಟ್ಟುಕೊಳ್ಳುವ ಪಾಲಿಯೆಸ್ಟರಿನದು. ಸೀರೆಯ ಪಾಲಿಯೆಸ್ಟರಿಗೂ ಇದಕ್ಕೂ ದೂರದ ನೆಂಟಸ್ತಿಕೆ ಅಷ್ಟೆ. ಇದು ಮೈಯೊಳಗೆ ಇಟ್ಟರೆ ನಂಜಾಗದ, ಬಹಳ ನಿಧಾನವಾಗಿ ಕರಗುವ ಜಾತಿ. ಬೆಚ್ಚಗೆ ಮಾಡಿ ಹಿಸುಕಿ ಸಣ್ಣದಾಗಿಸಿ ಮಂಜುಗಡ್ಡೆಯಲ್ಲಿ ಇಟ್ಟರೆ ಕಡ್ಡಿಯ ಹಾಗೆ ಸಣ್ಣಗೇ ಇರುತ್ತದೆ. ಮೈಯ ಬಿಸಿ ತಾಗಿದೊಡನೆ ತನ್ನ ಮೊದಲಿನ ಅಗಲಕ್ಕೆ ಅರಳಿಕೊಳ್ಳುತ್ತದೆ. ಪುಸ್ತಕದಲ್ಲಿ ಇದೆಲ್ಲ ಬಹಳ ಚಂದ.

ಈ ನಳಿಗೆ ಹೋಗಬೇಕಾಗಿದ್ದು ಒಂದು ಎಮ್ಮೆಯ ಮೊಲೆಗೆ. ರಾಯಬಾಗ ತಾಲ್ಲೂಕಿನ ಒಬ್ಬ ಪಶುವೈದ್ಯರು ನಮ್ಮ ಕಾಲೇಜಿಗೆ ಭಾಷಣಕ್ಕೆ ಬಂದವರು, ಚಹಾ ಕುಡಿಯುವಾಗ ನನ್ನ ಸಂಶೋಧನೆಯ ವಿಷಯ ಕೇಳಿ, ಕಪ್ಪು ಕೆಳಗಿಟ್ಟು ಹೇಳಿದ್ದರು: “ಮೇಡಮ್ಮಾರ, ಮಲಿ ಮುಚ್ಚಿದ್ದನ್ನ ಸೀಳೂದು ಏನ್ ದೊಡ್ಡ ಮಾತಲ್ರಿ. ಚಾಕು ಹಾಕಿದ್ರ ಹಾದಿ ಆಗತೈತಿ. ಆದ್ರ ಗಾಯ ಮಾಯುವಾಗ ಮತ್ತ ಕೂಡಿ ಬಿಡತೈತಿ. ಹಾದಿ ತಗದ ಇಡಾಕ ಒಳಗ ಏನರ ಬೇಕ್ರಿ. ಪ್ಲಾಸ್ಟಿಕ್ ನಳಿಗಿ ಹಾಕಿದ್ರ ಜಾರಿ ಬೀಳತೈತಿ, ಇಲ್ಲಾ ಕೀವು ಆಗತೈತಿ.” ಅವತ್ತಿನವರೆಗೆ ನನ್ನ ಸಂಶೋಧನೆಗೆ ಪ್ರಬಂಧವೊಂದೇ ಗುರಿಯಾಗಿತ್ತು. ಅವತ್ತಿನಿಂದ ಒಂದು ಎಮ್ಮೆಯೂ ಸೇರಿಕೊಂಡಿತು.

ಎಮ್ಮೆಯನ್ನು ನೋಡಲು ವೈದ್ಯರೇ ಕರೆದುಕೊಂಡು ಹೋದರು. ಕುರಿ ಕಾಯುವ ಗಂಡ ಹೆಂಡಿರ ಮನೆ. ಹಿಂದಿನ ಸೂಲಿಗೆ ಮೊದಲು ಇನ್ನೊಂದು ಎಮ್ಮೆ ಕೆಚ್ಚಲು ತುಳಿದು ಎರಡು ಮೊಲೆಗೆ ಪೆಟ್ಟಾಗಿತ್ತು. ಯಾರೋ ಹೇಳಿದರೆಂದು ತೂತಿಗೆ ಬೇವಿನ ಕಡ್ಡಿ ಚುಚ್ಚಿದ್ದರು. ಅದರಿಂದ ಒಳಗೆ ಗಂಟು ಕಟ್ಟಿ ಎರಡೂ ಪೂರ್ತಿ ಮುಚ್ಚಿದ್ದವು. ಈಗ ಎಮ್ಮೆ ಮತ್ತೆ ಗಬ್ಬವಾಗಿತ್ತು, ದೀಪಾವಳಿಯ ಆಚೆಗೆ ಈಯಬೇಕು. ಗಂಡ ತನ್ನ ತೀರ್ಮಾನವನ್ನು ನಮ್ಮ ಮುಂದೆಯೇ ಹೇಳಿದ: “ಮೇವು ನಾಕ ಮಲೀದು ತಿಂತೈತ್ರಿ, ಹಾಲು ಎರಡ ಮಲೀದು ಕೊಡತೈತಿ. ಈ ಸಲ ಈದ ಮ್ಯಾಲೂ ಹಿಂಗ ಇದ್ರ ಸಂತಿಗೆ ಹೊಡೀತೀನಿ.” ಅರ್ಧ ಹಾಲಿನ ಎಮ್ಮೆಯನ್ನು ಸಂತೆಯಲ್ಲಿ ಯಾರು ಕೊಳ್ಳುತ್ತಾರೆ, ಯಾಕೆ ಕೊಳ್ಳುತ್ತಾರೆ ಎನ್ನುವುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಹೆಂಡತಿ ಎಮ್ಮೆಯ ಕೊರಳಿನ ಕೆಳಗೆ ಕೈಯಾಡಿಸುತ್ತ ನಿಂತಿದ್ದಳು. “ನನ್ನ ತವರ ಮನಿ ಎಮ್ಮಿರಿ ಇದು, ನನ್ನ ಹಿಂದ ಬಂದೈತಿ,” ಎಂದಳು. ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಅಕ್ಕಾರ, ನಿಮ್ಮ ಕೈಲೆ ಆಗತೈತೇನು?” ಎಂದು ಕೇಳಿದಳು. ಆಗುತ್ತದೆ ಎಂದೆ. ಆಗ ನನ್ನಲ್ಲಿ ಅಷ್ಟು ಧೈರ್ಯವಿತ್ತು.

ಬರೀ ಪಾಲಿಯೆಸ್ಟರಿನ ನಳಿಗೆ ನನ್ನ ಹತ್ತಿರ ಆಗಲೇ ಇತ್ತು. ನಿಪ್ಪಾಣಿಯ ಲೇತ್ ಅಂಗಡಿಯೊಂದರಲ್ಲಿ ಕೊರೆಸಿಕೊಂಡ ಹಿತ್ತಾಳೆಯ ಅಚ್ಚಿನಲ್ಲಿ ಅದನ್ನು ಎರಕ ಹೊಯ್ದಿದ್ದೆ. ವೈದ್ಯರು ಸತ್ತ ಎಮ್ಮೆಯೊಂದರ ಶವಪರೀಕ್ಷೆ ಮಾಡಿದಾಗ ಮೊಲೆಗಳನ್ನು ಐಸ್ ಪೆಟ್ಟಿಗೆಯಲ್ಲಿ ಕಳಿಸಿದರು. ಅವನ್ನು ಬೆಚ್ಚನೆಯ ನೀರಿನಲ್ಲಿ ಇಟ್ಟು ಪರೀಕ್ಷೆ ಮಾಡಿದೆ. ನಳಿಗೆ ಅರಳಿತು ನಿಜ. ಆದರೆ ಮೊಲೆಯ ಗೋಡೆ ಸ್ವಲ್ಪ ಬಿಗಿದರೆ ಸಾಕು, ಚಪ್ಪಟೆಯಾಗಿ ಮಲಗಿಬಿಟ್ಟಿತು. ಆಕಾರದ ನೆನಪು ಇತ್ತು, ಅದನ್ನು ಉಳಿಸಿಕೊಳ್ಳುವ ತಾಕತ್ತು ಇರಲಿಲ್ಲ. ಆ ತಾಕತ್ತಿಗೇ ಬೇಕಾಗಿತ್ತು ಗಿಡದ ನಾರಿನಿಂದ ತೆಗೆದ ನ್ಯಾನೋ ಕಣ. ನಾರನ್ನು ಕ್ಷಾರದಲ್ಲಿ ಬೇಯಿಸಿ, ಪೆರಾಕ್ಸೈಡಿನಲ್ಲಿ ಬಿಳಿ ಮಾಡಿ, ಗಂಧಕಾಮ್ಲದಲ್ಲಿ ಅರಗಿಸಿದರೆ ಕೊನೆಗೆ ಕಣ್ಣಿಗೆ ಕಾಣದಷ್ಟು ಸಣ್ಣ ಸೆಲ್ಯುಲೋಸ್ ಹರಳುಗಳು ಉಳಿಯುತ್ತವೆ. ಸೂಜಿಯಂತೆ ಉದ್ದನೆಯವು. ಪಾಲಿಯೆಸ್ಟರಿನೊಳಗೆ ಅವು ಒಂದಕ್ಕೊಂದು ತಾಗಿ ಹಂದರ ಕಟ್ಟಿದರೆ ನಳಿಗೆ ಗಟ್ಟಿಯಾಗುತ್ತದೆ, ನೆನಪಿನ ಗುಣವೂ ಕೆಡುವುದಿಲ್ಲ.

ನಾರಿಗೆ ನಮ್ಮ ಭಾಗದಲ್ಲಿ ಏನು ಬರ? ಶಿರಗುಪ್ಪಿ ಕಡೆ ಹೋದರೆ ಕಬ್ಬಿನ ಸಿಪ್ಪೆ ಗುಡ್ಡದಷ್ಟು ಬಿದ್ದಿರುತ್ತದೆ. ಆದರೆ ನನ್ನ ಮಾರ್ಗದರ್ಶಕರು, ದೂರದ ವಿಶ್ವವಿದ್ಯಾಲಯದ ಪ್ರಾಧ್ಯಾಪಕರು, ಕಬ್ಬಿನ ಸಿಪ್ಪೆಯ ಮೇಲೆ ಊರೆಲ್ಲ ಕೆಲಸ ಮಾಡಿದೆ, ಬೇರೆ ಏನಾದರೂ ನೋಡಿ ಎಂದರು. ಅಥಣಿ ತಾಲ್ಲೂಕಿನ ತೆಲಸಂಗದಲ್ಲಿ ನನ್ನ ಸೋದರಮಾವನ ದ್ರಾಕ್ಷಿ ತೋಟವಿದೆ. ಏಪ್ರಿಲ್ಲಿನ ಚಾಟ್ನಿ, ಅಂದರೆ ಬಳ್ಳಿ ಕತ್ತರಿಸುವ ಕೆಲಸ, ನಡೆದಾಗ ಹೋಗಿ, ಕತ್ತರಿಸಿ ಬಿದ್ದಿದ್ದ ಕಡ್ಡಿಯನ್ನು ಕೈಗೆ ಸಿಕ್ಕಷ್ಟು ಚೀಲಕ್ಕೆ ತುರುಕಿಕೊಂಡು ಬಸ್ಸು ಹತ್ತಿದೆ. ಇನ್ನೂ ಬೇಕಾದರೆ ಹೇಳಿಕಳಿಸು ಎಂದ ಮಾಮಾ.

ಆ ಒಂದು ಚೀಲದ ಕಡ್ಡಿ ನನ್ನನ್ನು ಮುಗಿಲಿಗೆ ಏರಿಸಿತು. ಆಮ್ಲದಿಂದ ಹೊರಬಂದ ಹರಳಿನ ದ್ರಾವಣವನ್ನು ಎರಡು ಪೋಲರಾಯ್ಡ್ ಹಾಳೆಗಳ ನಡುವೆ ಇಟ್ಟು ಬೆಳಕಿಗೆ ಹಿಡಿದು ಅಲ್ಲಾಡಿಸಿದರೆ ಕಾಮನಬಿಲ್ಲಿನ ಬಣ್ಣಗಳು ಹರಿದಾಡಿದವು. ಹರಳು ಉದ್ದವಾಗಿದ್ದು ಸಾಲುಗಟ್ಟಿ ನಿಂತಿದ್ದರೆ ಮಾತ್ರ ಹಾಗೆ ಕಾಣುತ್ತದೆ. ಅದರಿಂದ ಮಾಡಿದ ಒಂದೇ ಒಂದು ನಳಿಗೆಯನ್ನು ಮಾರ್ಗದರ್ಶಕರಿಗೆ ಕಳಿಸಿದೆ. ಎಳೆದು, ಒತ್ತಿ, ಮುರಿದು ನೋಡಿದ ಅವರು ಫೋನು ಮಾಡಿ, “ಭೇಷ್! ಇದೇ ರೀತಿ ಇನ್ನಷ್ಟು ಮಾಡಿ,” ಎಂದರು. ಅದೊಂದು ಮಾತು ಮುಂದಿನ ಆರು ತಿಂಗಳು ನನ್ನ ಪ್ರಾಣ ತಿಂದಿತು.

ಮಾಮಾನಿಗೆ ಹೇಳಿಕಳಿಸಿದೆ. ಅವನು ಹೇಳಿದ್ದಕ್ಕಿಂತ ಒಂದು ಕೈ ಹೆಚ್ಚೇ ಮಾಡುವ ಮನುಷ್ಯ. ಕಡ್ಡಿಯನ್ನು ಮೇವು ಕತ್ತರಿಸುವ ಯಂತ್ರಕ್ಕೆ ಕೊಟ್ಟು, ಸಣ್ಣ ಚೂರು ಮಾಡಿ, ಒಣಗಿಸಿ, ಮೂಟೆ ಹೊಲಿದು ಬಸ್ಸಿಗೆ ಹಾಕಿದ್ದ. ಮೂಟೆ ಬಿಚ್ಚಿದರೆ ಬೂದು ಬಣ್ಣದ ಧೂಳು ಹಾರಿತು. ತೆಲಸಂಗದ ಹುಡಿ ಮಣ್ಣು ಎಂದು ನೀರಿನಲ್ಲಿ ಚೆನ್ನಾಗಿ ತೊಳೆದೆ. ಅದೇ ತೋಟ, ಅದೇ ಚಾಟ್ನಿ, ಅದೇ ಬಳ್ಳಿ. ಅದೇ ಕ್ಷಾರ, ಅದೇ ಬಿಸಿ, ಅದೇ ಹೊತ್ತು. ಪೆರಾಕ್ಸೈಡ್ ಹಾಕಿದ ಕೂಡಲೇ ಬೀಕರು ಬುಸುಗುಟ್ಟಿ ಉಕ್ಕಿತು.

ಮೊದಲ ಸಲ ನಕ್ಕೆ. ಬಿಸಿ ಹೆಚ್ಚಾಗಿರಬೇಕು ಎಂದುಕೊಂಡೆ. ಎರಡನೆಯ ಸಲ ಬಿಸಿ ಇಳಿಸಿದೆ, ಆದರೂ ಉಕ್ಕಿತು. ಆಮೇಲೆ ಪೆರಾಕ್ಸೈಡನ್ನು ಹನಿ ಹನಿಯಾಗಿ ಹಾಕಿದೆ. ಹಾಗೆ ಮಾಡಿದಾಗ ಉಕ್ಕುವುದು ಕಡಿಮೆಯಾಯಿತು, ಪುಡಿ ಬೆಳ್ಳಗೂ ಆಯಿತು. ಗೆದ್ದೆ ಎಂದು ಆಮ್ಲಕ್ಕೆ ಹಾಕಿ, ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ, ಆಮ್ಲದ ಅಂಶ ಹೋಗಲೆಂದು ಪೊರೆಯ ಚೀಲದಲ್ಲಿ ಕಟ್ಟಿ ನೀರಿನಲ್ಲಿ ಇಳಿಬಿಟ್ಟು, ದಿನಾ ನೀರು ಬದಲಿಸುತ್ತ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ. ಕೊನೆಗೆ ಪೋಲರಾಯ್ಡ್ ಹಾಳೆಗಳ ನಡುವೆ ಹಿಡಿದರೆ ಬಣ್ಣವೇ ಇಲ್ಲ. ಅಕ್ಕಿ ತೊಳೆದ ನೀರಿನ ಹಾಗೆ ಮಂಕಾಗಿ ನಿಂತಿತ್ತು. ಅದರಿಂದ ಮಾಡಿದ ನಳಿಗೆ ಬರೀ ಪಾಲಿಯೆಸ್ಟರಿನದಕ್ಕಿಂತ ಕಡೆಯಾಗಿತ್ತು.

ತಲೆ ಕೆಟ್ಟುಹೋಯಿತು. ಹಾಟ್‌ಪ್ಲೇಟಿನ ಮೇಲೆ ಅನುಮಾನ ಬಂದು ಬೇರೆ ವಿಭಾಗದಿಂದ ಎರವಲು ತಂದೆ. ನೀರಿನ ಮೇಲೆ ಅನುಮಾನ ಬಂದು ಎರಡು ಸಲ ಬಟ್ಟಿ ಇಳಿಸಿದೆ. ಪೆರಾಕ್ಸೈಡ್ ಹಳೆಯದಿರಬಹುದು ಎಂದು ಹೊಸದು ತರಿಸಿದೆ, ಹೊಸದು ಇನ್ನೂ ಜೋರಾಗಿ ಉಕ್ಕಿತು. ಆಮ್ಲ ಅರಗಿಸುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಗುತ್ತಿತ್ತು. ಬಿಸಿ ಇಳಿಯದಿರಲೆಂದು ಫ್ಲಾಸ್ಕಿಗೆ ಟವೆಲ್ಲು ಸುತ್ತಿಕೊಂಡು ಕೂಡುತ್ತಿದ್ದೆ. ನಮ್ಮ ವಿಭಾಗದವರು ಇಣುಕಿ ನೋಡಿ, “ಕೂಸಿಗೆ ಜ್ವರ ಇಳೀತೇನ್ರಿ?” ಎಂದು ಕೇಳಿ ಹೋಗುತ್ತಿದ್ದರು. ನಗುವಷ್ಟು ಸಮಾಧಾನ ನನ್ನಲ್ಲಿ ಉಳಿದಿರಲಿಲ್ಲ.

ಮಾರ್ಗದರ್ಶಕರು ಮಾದರಿಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿ ಚಿತ್ರ ಕಳಿಸಿದರು. ಉದ್ದನೆಯ ಸೂಜಿಗಳಿರಬೇಕಾದ ಕಡೆ ಬರೀ ನುಚ್ಚು. ಹರಳುಗಳು ಎಲ್ಲೆಂದರಲ್ಲಿ ತುಂಡಾಗಿದ್ದವು. ತುಂಡು ಕೋಲಿನಿಂದ ಹಂದರ ಹೇಗೆ ನಿಂತೀತು? ಅವರು ಫೋನಿನಲ್ಲಿ, “ಮೊದಲನೆಯ ಮಾದರಿ ನಿಜವಾಗಿ ನೀವು ಹೇಳಿದ ರೀತಿಯಲ್ಲೇ ಮಾಡಿದ್ದಾ?” ಎಂದು ಕೇಳಿದರು. ಬಹಳ ಮೆತ್ತಗೆ ಕೇಳಿದರು. ಮೆತ್ತಗೆ ಕೇಳಿದ್ದಕ್ಕೇ ಮೈಯೆಲ್ಲ ಉರಿದುಹೋಯಿತು. ನಾನು ಸುಳ್ಳು ಹೇಳಿದ್ದೇನೆ ಎಂದು ಬೈದಿದ್ದರೆ ತಿರುಗಿ ಜಗಳವಾದರೂ ಆಡಬಹುದಿತ್ತು. “ಹೌದು ಸರ್,” ಎಂದಷ್ಟೇ ಹೇಳಿ ಫೋನಿಟ್ಟು, ಪ್ರಯೋಗಾಲಯದ ಬಾಗಿಲು ಹಾಕಿಕೊಂಡು ಅತ್ತೆ.

ಈ ನಡುವೆ ಪಶುವೈದ್ಯರ ಫೋನು ಬರುತ್ತಲೇ ಇತ್ತು. “ಹೊಟ್ಟಿ ಇಳಿದೈತ್ರಿ ಮೇಡಮ್ಮಾರ, ಕೆಚ್ಚಲ ತುಂಬಾಕತ್ತೈತಿ. ನಿಮ್ಮದು ಎಲ್ಲೀಮಟ ಬಂತು?” ನನ್ನದು ಎಲ್ಲಿಯೂ ಬಂದಿರಲಿಲ್ಲ. ಎಮ್ಮೆಯ ಹೊಟ್ಟೆಯೊಳಗಿನ ಕರು ತನ್ನ ಕೆಲಸವನ್ನು ಸರಿಯಾಗಿ ಮಾಡುತ್ತಿತ್ತು. ನಾನೊಬ್ಬಳೇ ಹಿಂದೆ ಬಿದ್ದಿದ್ದೆ.

ಮೂಟೆಗಳು ಹಳತಾಗಿ ಬೂಸ್ಟು ಹಿಡಿದಿರಬಹುದು ಎನ್ನುವುದೊಂದು ಅನುಮಾನ ಉಳಿದಿತ್ತು. ಅಕ್ಟೋಬರ್ ಚಾಟ್ನಿ ಶುರುವಾದ ಕೂಡಲೇ ಹೊಸ ಕಡ್ಡಿಗಾಗಿ ನಾನೇ ತೆಲಸಂಗಕ್ಕೆ ಹೋದೆ. ಹಿಂದಿನ ದಿನವೇ ಫೋನು ಮಾಡಿದ್ದೆನಾದ್ದರಿಂದ ಮಾಮಾ ನನ್ನ ಪಾಲಿನ ಕಡ್ಡಿಯನ್ನು ಆರಿಸಿ, ಒಂದೇ ಅಳತೆಗೆ ಕತ್ತರಿಸಿ, ಕಟ್ಟು ಕಟ್ಟಿ ಇಟ್ಟಿದ್ದ. ನಾನು ತೋಟದೊಳಗೆ ಕಾಲಿಟ್ಟಾಗ ಅವನು ಒಂದು ಕಟ್ಟನ್ನು ಎತ್ತಿ ನೀಲಿ ನೀರಿನ ಡ್ರಮ್ಮಿನೊಳಗೆ ಪೂರ್ತಿ ಮುಳುಗಿಸುತ್ತಿದ್ದ. ಪಕ್ಕದಲ್ಲಿ ಆಗಲೇ ಅದ್ದಿದ ಕಟ್ಟುಗಳು ತೊಟ್ಟಿಕ್ಕುತ್ತ ಸಾಲಾಗಿ ಒರಗಿದ್ದವು. ಬಿಸಿಲಿಗೆ ಒಣಗಿದ ಕಡೆ ಅವುಗಳ ಮೇಲೆ ಬೂದು ಬಣ್ಣದ ಪುಡಿ ಹಿಡಿದಿತ್ತು. ಆ ಪುಡಿಯನ್ನು ನಾನು ಆರು ತಿಂಗಳು ಹುಡಿ ಮಣ್ಣು ಎಂದು ತೊಳೆದಿದ್ದೆ.

“ಮಾಮಾ!” ಎಂದು ಕೂಗಿದೆ. ಆಚೆ ಸಾಲಿನಲ್ಲಿ ಕತ್ತರಿ ಹಿಡಿದಿದ್ದವರು ತಿರುಗಿ ನೋಡಿದರು.

“ಯಾಕವ್ವಾ, ಹಿಂಗ ಒದರಾಕತ್ತಿ? ಹಾವು ಕಂಡಿ ಏನು?”

“ಇದರಾಗ ಯಾಕ ಅದ್ದಾಕತ್ತಿ ಅದನ್ನ?”

“ಮತ್ತ? ಕಡ್ಡಿ ಮಂದಿ ಮನಿಗೆ ಹೋಗೂ ಮುಂದ ಬೋರ್ಡೋದಾಗ ಅದ್ದಲಾರದ ಕಳಸ್ತಾರೇನು? ನಾಳೆ ರೋಗ ಬಂತಂದ್ರ ಅವರ ತೋಟ ಹಾಳಾಗತೈತಿ, ನಮ್ಮ ಹೆಸರ ಕೆಡತೈತಿ.”

“ನನಗೆ ತೋಟ ಎಲ್ಲೈತಿ ಮಾಮಾ? ನಾ ನೆಡಾಕ ಒಯ್ಯಾಕತ್ತಿಲ್ಲ. ಕುದಿಸಾಕ ಒಯ್ಯಾಕತ್ತೀನಿ!”

“ಕುದಿಸಾಕರ ಒಯ್ಯಿ, ಸುಡಾಕರ ಒಯ್ಯಿ. ಬರೇ ಕಡ್ಡಿ ನನ್ನ ತೋಟದಿಂದ ಹೊರಗ ಹೋಗಿಲ್ಲ, ಹೋಗೂದೂ ಇಲ್ಲ. ಹ್ವಾದ ಸಲಾನೂ ಅದ್ದೇ ಕಳಿಸೀನಿ. ನಿನಗಂತ ಎರಡ ಸಲ ಅದ್ದೀನಿ.”

ಎರಡು ಸಲ! ನಗಬೇಕೋ ಅಳಬೇಕೋ ತಿಳಿಯದೆ ಅಲ್ಲೇ ಬದುವಿನ ಮೇಲೆ ಕೂತೆ. ಬೋರ್ಡೋ ಅಂದರೆ ಮೈಲುತುತ್ತ ಮತ್ತು ಸುಣ್ಣ ಕಲಸಿದ ನೀರು. ಮೈಲುತುತ್ತದಲ್ಲಿ ತಾಮ್ರ. ಆ ತಾಮ್ರ ತೊಗಟೆಗೆ ಅಂಟಿದರೆ ನೀರಿಗೂ ಬಿಡುವುದಿಲ್ಲ, ಕ್ಷಾರಕ್ಕೂ ಬಿಡುವುದಿಲ್ಲ. ಪೆರಾಕ್ಸೈಡ್ ತಾಗಿದಾಗ ಮಾತ್ರ ಎದ್ದು ಕೂಡುತ್ತದೆ. ಪೆರಾಕ್ಸೈಡನ್ನು ಒಡೆದು ನೊರೆ ಎಬ್ಬಿಸುವುದಲ್ಲದೆ, ಹಾಗೆ ಒಡೆದದ್ದು ಸೆಲ್ಯುಲೋಸಿನ ಉದ್ದ ಸರಪಳಿಯನ್ನು ಸಿಕ್ಕಸಿಕ್ಕಲ್ಲಿ ಕಡಿದು ಹಾಕುತ್ತದೆ. ತೋಟದಲ್ಲಿ ಬಳ್ಳಿಗೆ ಹೊಡೆಯುವ ಔಷಧಿ ಮಳೆಗೆ, ಗಾಳಿಗೆ ಬಹಳಷ್ಟು ಹೋಗುತ್ತದೆ. ಇದು ಹಾಗಲ್ಲ, ಅದ್ದಿ, ಒಣಗಿಸಿ, ಮತ್ತೆ ಅದ್ದಿದ್ದು. ನಾನೇ ಚೀಲಕ್ಕೆ ತುಂಬಿಕೊಂಡು ಓಡಿದ ಮೊದಲ ಕಡ್ಡಿ ಮಾತ್ರ ಡ್ರಮ್ಮು ಕಂಡಿರಲಿಲ್ಲ. ನಮ್ಮ ಕಡೆ ದ್ರಾಕ್ಷಿಯವರು ನೆಂಟರಿಗೆ ಸಸಿಕಡ್ಡಿ ಕೊಡುವಾಗ ಹೀಗೆ ಅದ್ದಿಯೇ ಕೊಡುತ್ತಾರೆ. ಅದು ಮರ್ಯಾದೆಯ ವಿಷಯ. ನನ್ನ ಸಂಶೋಧನೆ ಆರು ತಿಂಗಳು ಮುಳುಗಿದ್ದು ಮಾಮಾನ ಮರ್ಯಾದೆಯಲ್ಲಿ.

ಸಿಟ್ಟು ಬಂತು, ಬಹಳ ಬಂತು. ಆದರೆ ಎರಡು ಸಲ ಅದ್ದಿದ ಮನುಷ್ಯನ ಮೇಲೆ ಸಿಟ್ಟು ತೀರಿಸಿಕೊಳ್ಳುವುದು ಹೇಗೆ? ಬಳ್ಳಿಯಿಂದ ಆಗಷ್ಟೇ ಬಿದ್ದ ಕಡ್ಡಿಯನ್ನು ನಾನೇ ಆಯ್ದು ಚೀಲಕ್ಕೆ ತುಂಬಿದೆ. ಮಾಮಾ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದು, “ನಾಳೆ ಏನರ ಆದ್ರ ನನ್ನ ಹೆಸರ ಹೇಳಬ್ಯಾಡ,” ಎಂದ.

ಕಾಲೇಜಿಗೆ ಬಂದ ಮೇಲೆ ಅನುಮಾನಕ್ಕೆ ಎಡೆ ಇರಬಾರದೆಂದು ಹೊಸ ಕಡ್ಡಿಯ ಪುಡಿಯನ್ನೂ ಮೊದಲು ಸಿಟ್ರಿಕ್ ಆಮ್ಲದ ನೀರಿನಲ್ಲಿ ನೆನೆಹಾಕಿ ತೊಳೆದೆ. ಲೋಹದ ಅಂಶ ಇದ್ದರೆ ಅದು ಹಿಡಿದುಕೊಂಡು ಹೋಗುತ್ತದೆ. ಪೆರಾಕ್ಸೈಡ್ ಹಾಕಿ ಒಂದು ಹೆಜ್ಜೆ ಹಿಂದೆ ಸರಿದು ನಿಂತೆ. ಬೀಕರು ಮಿಸುಕಲಿಲ್ಲ. ಒಂದೊಂದು ಗುಳ್ಳೆ ಎದ್ದು, ಪುಡಿ ನಿಧಾನವಾಗಿ ಬೆಳ್ಳಗಾಯಿತು. ಪೊರೆಯ ಚೀಲದಿಂದ ತೆಗೆದ ದ್ರಾವಣದಲ್ಲಿ ಬಣ್ಣಗಳು ಮತ್ತೆ ಹರಿದಾಡಿದವು. ಸಂತೋಷಕ್ಕಿಂತ ಹೆಚ್ಚಾಗಿ ಕಳೆದ ತಿಂಗಳುಗಳನ್ನು ನೆನೆದು ಹೊಟ್ಟೆ ಉರಿಯಿತು. ಆ ದ್ರಾವಣದ ನೀರನ್ನು ಪಾಲಿಯೆಸ್ಟರ್ ಕರಗುವ ದ್ರವಕ್ಕೆ ಮೆಲ್ಲನೆ ಬದಲಿಸಬೇಕು. ಅವಸರ ಮಾಡಿದರೆ ಹರಳುಗಳು ಮುದ್ದೆಯಾಗುತ್ತವೆ. ಅವಸರ ಮಾಡಬಾರದ ಕೆಲಸವನ್ನು ಅವಸರದಲ್ಲಿ ಮಾಡುತ್ತ, ಒಂದು ಸಲ ಮುದ್ದೆಯಾಗಿಸಿ ಅರ್ಧ ಹಾಳು ಮಾಡಿಕೊಂಡೆ. ಉಳಿದಿದ್ದರಲ್ಲಿ ಸರಿಯಾಗಿ ಎರಡು ನಳಿಗೆಗಳಾದವು. ಮೂರನೆಯದಕ್ಕೆ ಸಾಲಲಿಲ್ಲ. ಅವುಗಳ ಒಳತುದಿ ಅರಳಿದಾಗ ತುತ್ತೂರಿಯ ಬಾಯಿಯಂತೆ ಅಗಲವಾಗುತ್ತದೆ, ಹಾಗಾಗಿ ಜಾರಿ ಬೀಳುವುದಿಲ್ಲ. ಗಾಯ ಮಾಯ್ದ ಮೇಲೆ ವೈದ್ಯರೇ ಎಳೆದು ತೆಗೆಯಬೇಕು. ತಾನಾಗಿ ಕರಗಿಹೋಗುವ ನಳಿಗೆಯ ಮಾತು ನನ್ನ ಪ್ರಸ್ತಾವನೆಯಲ್ಲಿ ಮಾತ್ರ ಇತ್ತು.

ಎಲ್ಲರೂ ಎಣಿಸಿದ್ದಕ್ಕಿಂತ ಮೊದಲೇ ಎಮ್ಮೆ ಕರು ಹಾಕಿತು. ವೈದ್ಯರು ಫೋನು ಮಾಡಿ, ಮರುದಿನ ಬೆಳಿಗ್ಗೆಯೇ ಮೊಲೆ ಸೀಳಬೇಕು, ಹಾಲು ಕಟ್ಟಿಕೊಂಡು ಕೆಚ್ಚಲು ಕಲ್ಲಾಗುತ್ತಿದೆ ಎಂದರು. ಮಾರ್ಗದರ್ಶಕರಿಗೆ ತಿಳಿಸಿದೆ. ಅವರ ಧ್ವನಿಯಲ್ಲಿ ತಿಂಗಳುಗಳ ನಂತರ ಹುರುಪು ಕೇಳಿಸಿತು.

“ಒಂದು ಮೊಲೆಗೆ ನ್ಯಾನೋ ಕಣದ್ದು, ಇನ್ನೊಂದಕ್ಕೆ ಬರೀ ಪಾಲಿಯೆಸ್ಟರಿನದು. ಅದೇ ಎಮ್ಮೆ, ಅದೇ ದಿನ, ಅದೇ ಕೈ. ಇದಕ್ಕಿಂತ ಒಳ್ಳೆಯ ಹೋಲಿಕೆ ನಿಮಗೆ ಸಿಗುವುದಿಲ್ಲ.”

“ಬರೀದು ನಿಲ್ಲುವುದಿಲ್ಲ ಎಂದು ನಮಗೆ ಗೊತ್ತಿದೆಯಲ್ಲ ಸರ್?”

“ಸತ್ತ ಮೊಲೆಯಲ್ಲಿ ಗೊತ್ತಿದೆ. ಬದುಕಿರುವುದರಲ್ಲಿ ಗೊತ್ತಿಲ್ಲ. ಹೋಲಿಕೆಗೆ ಏನೂ ಇಲ್ಲದಿದ್ದರೆ, ನಿಮ್ಮ ಕಣದಿಂದಲೇ ಹಾದಿ ಉಳಿಯಿತು ಎಂದು ಯಾರು ನಂಬುತ್ತಾರೆ?”

ಅವರು ಹೇಳಿದ್ದರಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ. ಅದೇ ನನಗೆ ತಡೆಯಲಾರದಷ್ಟು ಸಿಟ್ಟು ತರಿಸಿತು. ಪ್ರಾಣಿ ಪ್ರಯೋಗದ ಅನುಮತಿ ಪತ್ರವೂ ಎರಡು ಬಗೆಯ ನಳಿಗೆಗೂ ಒಪ್ಪಿ, ಯಾವುದನ್ನು ಹಾಕಬೇಕೆನ್ನುವುದನ್ನು ನಮಗೇ ಬಿಟ್ಟಿತ್ತು. ಐಸ್ ಪೆಟ್ಟಿಗೆಯಲ್ಲಿ ಮೂರು ಸೀಸೆ ಇಟ್ಟುಕೊಂಡು ಹೊರಟೆ. ಎರಡರಲ್ಲಿ ಕಣದ ನಳಿಗೆ, ಒಂದರಲ್ಲಿ ಬರೀದು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಪೆಟ್ಟಿಗೆ ತೊಡೆಯ ಮೇಲಿತ್ತು. ಇಳಿಯುವಾಗಲೂ ಏನನ್ನೂ ನಿರ್ಧರಿಸಿರಲಿಲ್ಲ.

ಕೊಟ್ಟಿಗೆಯಲ್ಲಿ ಎಮ್ಮೆಯ ಕಾಲು ಕಟ್ಟಿ, ಕೆಚ್ಚಲಿಗೆ ಮರಗಟ್ಟುವ ಚುಚ್ಚುಮದ್ದು ಕೊಟ್ಟಾಗಿತ್ತು. ವೈದ್ಯರು ಕೈ ತೊಳೆದು, “ಯಾವ್ದು ಯಾವ್ದಕ್ಕ ಅನ್ನೂದು ನೀವ ಹೇಳ್ರಿ ಮೇಡಮ್ಮಾರ, ನಾ ಹಾಕ್ತೀನಿ,” ಎಂದರು. ನಾನು ಪೆಟ್ಟಿಗೆ ತೆಗೆದೆ. ಹೆಂಡತಿ ಎಮ್ಮೆಯ ಮುಖದ ಹತ್ತಿರ ಕೂತು ಕಿವಿಯ ಹಿಂದೆ ಕೆರೆಯುತ್ತಿದ್ದವಳು ಕತ್ತು ಚಾಚಿ ಸೀಸೆಗಳನ್ನು ನೋಡಿದಳು.

“ಅಕ್ಕಾರ, ಎರಡಕ್ಕೂ ಒಂದ ನಮೂನಿದು ಹಾಕ್ತೀರಿ ಹೌದಲ್ರಿ?”

ಏನೋ ಗೊತ್ತಾಗಿ ಕೇಳಿದ್ದಲ್ಲ. ಎರಡು ಮಕ್ಕಳಿಗೆ ಅಂಗಿ ಹೊಲಿಸುವಾಗ ಕೇಳುವ ಹಾಗೆ ಕೇಳಿದಳು. ಬರೀ ಪಾಲಿಯೆಸ್ಟರಿನ ಸೀಸೆ ನನ್ನ ಬೆರಳಿಗೆ ತಣ್ಣಗೆ ತಾಗುತ್ತಿತ್ತು. ಇದನ್ನು ಹಾಕಿದರೆ ಏನಾಗುತ್ತದೆ ಎನ್ನುವುದು ನನಗೆ ಗೊತ್ತು, ಗೊತ್ತಿದ್ದೂ ಗೊತ್ತಿಲ್ಲವೆಂದು ಬರೆಯಬೇಕು, ಆಮೇಲೆ ಮೊಲೆ ಮುಚ್ಚಿಕೊಂಡಾಗ ಗೊತ್ತಾಯಿತು ಎಂದು ಬರೆಯಬೇಕು. ಮುಚ್ಚಿದ ಮೊಲೆ ನನ್ನ ಪ್ರಬಂಧದ ಅಧ್ಯಾಯದಲ್ಲಿ ಒಂದು ಸಾಲು. ಈಕೆಗೆ ಅದು ಮುಚ್ಚಿದ ಮೊಲೆಯೇ.

“ಹೌದವ್ವಾ, ಎರಡಕ್ಕೂ ಒಂದ ನಮೂನಿದು,” ಎಂದೆ. ಬರೀದನ್ನು ಪೆಟ್ಟಿಗೆಗೆ ವಾಪಸ್ಸು ಹಾಕಿ ಮುಚ್ಚಳ ಒತ್ತಿದೆ. ವೈದ್ಯರು ನನ್ನ ಮುಖ ನೋಡಿ ಚಾಕು ಎತ್ತಿಕೊಂಡರು.

ಚಾಕು ಒಳಗೆ ಹೋಗಿ ಬಂತು. ರಕ್ತ ಬಂತು. ಬೆಂಕಿಕಡ್ಡಿಯಷ್ಟು ಸಣ್ಣಗಿದ್ದ ನಳಿಗೆಯನ್ನು ಅವರು ಇಕ್ಕಳದಿಂದ ಹಿಡಿದು ಒಂದೇ ಸಲಕ್ಕೆ ಒಳಗೆ ತೂರಿಸಿದರು. ಹೊರಗೆ ಸ್ವಲ್ಪ ತಡವಾಗಿದ್ದರೂ ಅವರ ಬೆರಳ ಬಿಸಿಗೇ ಅರಳಿಬಿಡುತ್ತಿತ್ತು. ಹೆಬ್ಬೆಟ್ಟು ತೋರುಬೆರಳಿನ ನಡುವೆ ಮೊಲೆಯನ್ನು ಮೆಲ್ಲಗೆ ಹಿಡಿದುಕೊಂಡು ಕಾದರು. “ಅರಳಾಕತ್ತೈತಿ,” ಎಂದರು, “ಒಳಗ ದುಂಡಗ ಸಿಗಾಕತ್ತೈತ್ರಿ.” ಎರಡನೆಯದೂ ಹಾಗೇ ಆಯಿತು. ರಕ್ತ ಬೆರೆತ ಗಿಣ್ಣುಹಾಲು ಹನಿಹನಿಯಾಗಿ ಇಳಿಯಿತು. ಗಂಡ ಬಾಗಿಲಲ್ಲಿ ನಿಂತು, “ನಾಕ ದಿನಾ ತಡದ ನೋಡೂಣ್ರಿ,” ಎಂದು ಹೋದ.

ಮಾರ್ಗದರ್ಶಕರಿಗೆ ಅವತ್ತೇ ಫೋನು ಮಾಡಿ ಇದ್ದದ್ದನ್ನು ಇದ್ದಂತೆ ಹೇಳಿದೆ. ಬೈಗುಳಕ್ಕೆ ಸಿದ್ಧಳಾಗಿದ್ದೆ. ಅವರು ಬೈಯಲಿಲ್ಲ. “ಎಮ್ಮೆಗೆ ಒಳ್ಳೆಯದಾಯಿತು. ಅಧ್ಯಾಯಕ್ಕೆ ಆಗಲಿಲ್ಲ,” ಎಂದರು. ಇನ್ನೊಂದು ಪ್ರಾಣಿ ಹುಡುಕಬೇಕು, ಇನ್ನೊಂದು ವರ್ಷ ಬೇಕು ಎಂದೂ ಹೇಳಿದರು. ಹೋಲಿಕೆಯಿಲ್ಲದ ಒಂದು ಎಮ್ಮೆಯನ್ನು ಇಟ್ಟುಕೊಂಡು ಯಾವ ಪರೀಕ್ಷಕರ ಮುಂದೆಯೂ ನಿಲ್ಲಲಾಗುವುದಿಲ್ಲ ಎಂದು ನನಗೂ ತಿಳಿದಿತ್ತು. ಕನಿಷ್ಠ ಫೋಟೋ, ವಿಡಿಯೋ, ಹಾಲಿನ ಅಳತೆ ತನ್ನಿ ಎಂದರು. ತರುತ್ತೇನೆ ಎಂದೆ.

ಮುಂದಿನ ವಾರ ವೈದ್ಯರಿಗೆ ಬೇರೆ ಕಡೆ ಕೆಲಸವಿತ್ತು, ನಾನೊಬ್ಬಳೇ ಹೋದೆ. ಸಂಜೆ ಹಿಂಡುವ ಹೊತ್ತು. ಮೊಬೈಲು ಕೈಯಲ್ಲಿ ಹಿಡಿದು ಕೊಟ್ಟಿಗೆಗೆ ಕಾಲಿಡುತ್ತಿದ್ದಂತೆ ಹೆಂಡತಿ ಚರಿಗೆ ಹಿಡಿದ ಕೈಯನ್ನೇ ಅಡ್ಡ ತಂದಳು.

“ಹೊರಗ ನಿಂದರ್ರಿ ಅಕ್ಕಾರ. ಹೊಸಬರು ಮುಂದ ನಿಂತ್ರ ತೊರಿ ಬಿಡೂದಿಲ್ಲ ಇದು, ಹಾಲ ಮ್ಯಾಲ ಎಳಕೋತೈತಿ.”

“ಬರೇ ಒಂದ ಫೋಟೋ...”

“ಫೋಟೋ ಗೀಟೋ ಏನೂ ಬ್ಯಾಡ್ರಿ. ಹಿಂಡೂ ಮುಂದ ಯಾರೂ ನೋಡಬಾರದು.”

ಆರು ತಿಂಗಳು ಚಪ್ಪಲಿ ಮೇಲೆ ಪೆರಾಕ್ಸೈಡ್ ಸುರಿದುಕೊಂಡವಳಿಗೆ ಕೊನೆಗೆ ಸಿಕ್ಕ ಜಾಗ ಗೋಡೆಯ ಆಚೆ. ಹಲ್ಲು ಕಡಿದುಕೊಂಡು ಬೆನ್ನು ಗೋಡೆಗೆ ಆನಿಸಿ ನಿಂತೆ. ಕರು ಬಿಟ್ಟಳು, ಚಪ್ಪರಿಸುವುದು ಕೇಳಿಸಿತು, ಕರುವನ್ನು ಎಳೆದು ಕಟ್ಟಿದಳು. ಚರಿಗೆಯ ತಳಕ್ಕೆ ಹಾಲು ಬಿದ್ದ ಸದ್ದು ಶುರುವಾಯಿತು. ಚರ್, ಚರ್, ಎರಡು ಕೈ ಒಂದರ ಹಿಂದೆ ಒಂದು, ಸಮನಾಗಿ. ಅವು ಮೊದಲಿನಿಂದ ನೆಟ್ಟಗಿದ್ದ ಎರಡು ಮೊಲೆಗಳು. ಅದು ನನಗೆ ಸಂಬಂಧಪಟ್ಟ ಸದ್ದಲ್ಲ. ಸ್ವಲ್ಪ ಹೊತ್ತಿಗೆ ನಿಂತಿತು. ಅವಳು ಕೂತಲ್ಲೇ ಸರಿದು ಕೂತದ್ದು, ಬಳೆ ಸದ್ದಾಗಿದ್ದು ಕೇಳಿಸಿತು.

ಆಮೇಲೆ ಏನೂ ಇಲ್ಲ. “ಬಿಡ ನನ್ನವ್ವಾ, ಬಿಡ,” ಎಂದು ಎಮ್ಮೆಗೆ ಹೇಳಿದಳು. ನಾನು ಗೋಡೆಗೆ ಕಿವಿಯೊತ್ತಿದೆ. ಒಂದು ಎಳೆ ಬಿತ್ತು, ದಪ್ಪಗೆ. ಅದರ ಹಿಂದೆ ಇನ್ನೊಂದು ಬೀಳಬೇಕಾದಲ್ಲಿ ಖಾಲಿ. ಮತ್ತೆ ಒಂದು ದಪ್ಪಗೆ, ಮತ್ತೆ ಖಾಲಿ. ಆಮೇಲೆ, ಹಾಲಿನ ನೊರೆಯ ಮೇಲೆ ಬಿದ್ದು ಅರ್ಧ ಮುಚ್ಚಿಹೋದ ಒಂದು ಸಣ್ಣ ಸದ್ದು ಕೇಳಿಸಿತು. ಮತ್ತೊಂದು. ಒಂದು ದಪ್ಪ, ಒಂದು ಸಣ್ಣ, ಒಂದು ದಪ್ಪ, ಒಂದು ಸಣ್ಣ. ಅವಳ ಎರಡು ಕೈಯೂ ನಡೆಯುತ್ತಿದ್ದವು.

ಅವಳು ಸೆರಗಿನಿಂದ ಚರಿಗೆ ಮುಚ್ಚಿಕೊಂಡು ಹೊರಗೆ ಬಂದಳು. “ಒಂದು ಚಲೋ ಬರತೈತ್ರಿ. ಇನ್ನೊಂದು ಸಣ್ಣಗ ಬರತೈತಿ,” ಎಂದಳು. ನಳಿಗೆ ಸ್ವಲ್ಪ ಬಾಗಿರಬಹುದು, ಗಾಯ ಊದಿರಬಹುದು, ಹೋಲಿಸಿ ನೋಡಲು ಬರೀ ಪಾಲಿಯೆಸ್ಟರಿನದಿಲ್ಲ. ಅಳತೆ ಕೇಳುವ ಧೈರ್ಯವೂ ಆಗಲಿಲ್ಲ. ಆದರೆ ಬಂದದ್ದಕ್ಕೆ ಒಂದು ಮಾತು ಕೇಳದೆ ಹೋಗುವುದು ಆಗಲಿಲ್ಲ.

“ಸಂತಿಗೆ ಹೊಡೀತೀನಿ ಅಂದಿದ್ರಲ್ಲ ನಿಮ್ಮ ಯಜಮಾನ್ರು, ಆ ಎಮ್ಮಿ ಮಾತು ಏನಾತು?”

ಅವಳು ಹೊಸ್ತಿಲ ಮೇಲೆ ಒಂದು ಕಾಲಿಟ್ಟು, ತಿರುಗಿ ನನ್ನನ್ನೇ ನೋಡಿದಳು.

“ಸಂತಿಗೆ ಹೋಗೂದು ಯಾವ ಎಮ್ಮಿರಿ?” ಎಂದು ಕೇಳಿ, ಹಾಲು ತಗೊಂಡು ಒಳಗೆ ಹೋದಳು.